ಪಿಕಪ್‌ನಲ್ಲಿ ಡ್ರಿಫ್ಟ್ ಅಭ್ಯಾಸ, ಈಗ ಎರಡನೇ ಗೇರಿಗೆ ಹಾಕಿದರೆ ಕರ್ರ್ ಅನ್ನುತ್ತದೆ

ಎರಡನೇಗೇರು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಗಾಡಿ 2.5 ಲೀಟರ್ ಟರ್ಬೊ ಡೀಸೆಲ್ ಪಿಕಪ್. ಐದು ಗೇರಿನ ಮ್ಯಾನ್ಯುಯಲ್, ಎಳೆಯುವುದು ಹಿಂದಿನ ಚಕ್ರ ಮಾತ್ರ. ಖಾಲಿ ತೂಕವೇ 1,900 ಕೆ.ಜಿ. ಇದುವರೆಗೆ 1,10,000 ಕಿ.ಮೀ. ಓಡಿದೆ. ಇಷ್ಟು ದಿನ ಗೇರ್‌ಬಾಕ್ಸ್ ಒಂದು ಸಲವೂ ತೊಂದರೆ ಕೊಟ್ಟಿರಲಿಲ್ಲ.

ಆರು ವಾರದಿಂದ ಒಂದು ಖಾಲಿ ಕಾಂಕ್ರೀಟ್ ಅಂಗಳದಲ್ಲಿ ಡ್ರಿಫ್ಟ್ (ಹಿಂಭಾಗವನ್ನು ಬೇಕೆಂದೇ ಜಾರಿಸುತ್ತ ತಿರುಗಿಸುವುದು) ಕಲಿಯುತ್ತಿದ್ದೇನೆ. ಸುತ್ತ ಬೇಲಿ ಇದೆ, ಜಾಗದವರು ಒಪ್ಪಿದ್ದಾರೆ, ಬೇರೆ ಗಾಡಿ ಬರುವುದಿಲ್ಲ. ವಾರಕ್ಕೊಂದು ದಿನ, ಸುಮಾರು ಎರಡು ಗಂಟೆ. ಮೂರನೇ ಗೇರಿನಲ್ಲಿ ಬರುತ್ತೇನೆ. ಸ್ಟೀರಿಂಗ್ ತಿರುಗಿಸುತ್ತಲೇ ಎರಡಕ್ಕೆ ಇಳಿಸುತ್ತೇನೆ. ಕ್ಲಚ್ ಒತ್ತಿಟ್ಟು 3,000 ಆರ್‌ಪಿಎಂ ತನಕ ಏರಿಸಿ ಫಟ್ ಅಂತ ಬಿಡುತ್ತೇನೆ. ಹಿಂಭಾಗ ಜಾರುತ್ತದೆ. ಜಾರುವುದು ನಿಂತಿತು ಅನಿಸಿದರೆ ಮತ್ತೊಂದು ಕ್ಲಚ್ ಕಿಕ್. ಒಂದು ಸುತ್ತಿಗೆ ನಾಲ್ಕೈದು ಸಲ ಆಗುತ್ತದೆ.

ಈಗಿನ ತೊಂದರೆ ಏನೆಂದರೆ, ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಅನ್ನುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಜಾಸ್ತಿ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಇರುವಾಗ ಕೆಳಗಿನಿಂದ ಗಲಗಲ ಅನ್ನುವ ಸದ್ದು ಬರುತ್ತದೆ. ಕ್ಲಚ್ ಒತ್ತಿದರೆ ಆ ಸದ್ದು ನಿಲ್ಲುತ್ತದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಗಾಡಿಯ ನಡುವಿನಲ್ಲಿ ಟಕ್ ಅಂತ ಒಂದು ಏಟು. ಅಭ್ಯಾಸ ಮುಗಿಸಿದ ಮೇಲೆ ಕ್ಲಚ್ ಸುಟ್ಟ ವಾಸನೆ ಅಂತೂ ಇದ್ದೇ ಇದೆ.

ಇದು ಗಾಡಿಗೆ ವಯಸ್ಸಾದದ್ದಕ್ಕೋ, ಡ್ರಿಫ್ಟ್‌ನಿಂದಲೋ? ಇನ್ನೂ ಗಟ್ಟಿ ಕ್ಲಚ್ ಹಾಕಿಸಿದರೆ ಗೇರ್‌ಬಾಕ್ಸ್ ಉಳಿಯುತ್ತದೆಯೇ? ಈ ಗಾಡಿ ನನಗೆ ತುಂಬ ಬೇಕಾದದ್ದು. ಡ್ರಿಫ್ಟ್ ಕೂಡ ಈಗ ತಾನೇ ಕೈಗೆ ಹತ್ತುತ್ತಿದೆ. ಎರಡನ್ನೂ ಉಳಿಸಿಕೊಳ್ಳುವ ದಾರಿ ಇದ್ದರೆ ಹೇಳಿ.

ಜೋಡಿಚಕ್ರ:

ಮೊದಲು ಗೇರ್ ಆಯಿಲ್ ನೋಡಿ ಸರ್. ಕೊನೆಗೆ ಬದಲಾಯಿಸಿದ್ದು ಯಾವಾಗ? ಯಾವ ಆಯಿಲ್ ಹಾಕಿದ್ದರು? ಎಷ್ಟೋ ಕಡೆ ಡಿಫರೆನ್ಷಿಯಲ್‌ಗೆ (ಹಿಂದಿನ ಆಕ್ಸಲಿನ ನಡುವಿನ ಗೇರುಗಳಿಗೆ) ಹಾಕುವ ಜಿಎಲ್-5 ದರ್ಜೆಯ ಆಯಿಲನ್ನೇ ಗೇರ್‌ಬಾಕ್ಸ್‌ಗೂ ಸುರಿದುಬಿಡುತ್ತಾರೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಪುಸ್ತಕದಲ್ಲಿ ಜಿಎಲ್-4 ಅಂತ ಬರೆದಿದ್ದರೆ ಅದನ್ನೇ ಹಾಕಬೇಕು. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಕೆಲವು ಜಿಎಲ್-5 ಆಯಿಲ್ ಗೇರ್ ಬದಲಾಗುವಾಗ ವೇಗ ಹೊಂದಿಸುವ ಹಿತ್ತಾಳೆ ರಿಂಗನ್ನು ತಿನ್ನುತ್ತವೆ. ಅದೂ ಅಲ್ಲದೆ ಆಯಿಲ್ ಜಾರುವುದು ಜಾಸ್ತಿಯಾದರೆ ರಿಂಗ್‌ಗೆ ಹಿಡಿತ ಸಿಗುವುದಿಲ್ಲ.

ಇನ್ನೊಂದು ಮಾತು. ಖಾಲಿ ಪಿಕಪ್ ಹಿಂದೆ ಹಗುರ, ಅದಕ್ಕೇ ಜಾರಿ ಜಾರಿ ನಿಲ್ಲುತ್ತದೆ. ಹಿಂದೆ ಐನೂರು ಆರುನೂರು ಕೆ.ಜಿ. ಮರಳು ಮೂಟೆ ಹಾಕಿ ನೋಡಿ. ಗಾಡಿ ಕೂತುಕೊಂಡು ಒಂದೇ ಸಮ ಹೋಗುತ್ತದೆ.

ಗ್ರೀಸ್‌ಕೈ:

ಆಯಿಲ್ ವಿಷಯ ಜೋಡಿಚಕ್ರ ಅವರು ಸರಿಯಾಗಿ ಹೇಳಿದ್ದಾರೆ. ಮೂಟೆ ಮಾತ್ರ ದಯವಿಟ್ಟು ಹಾಕಬೇಡಿ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ.

ನಾನು ಇಪ್ಪತ್ತೆರಡು ವರ್ಷದಿಂದ ಗೇರ್‌ಬಾಕ್ಸ್ ಬಿಚ್ಚುತ್ತಿದ್ದೇನೆ. ಹೊರೆ ಎಳೆದು ಸವೆದ ಗೇರ್‌ಬಾಕ್ಸ್ ಬೇರೆ, ಏಟು ತಿಂದ ಗೇರ್‌ಬಾಕ್ಸ್ ಬೇರೆ. ಎರಡನ್ನೂ ಮೇಜಿನ ಮೇಲೆ ಬಿಚ್ಚಿಟ್ಟರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಹಲ್ಲುಗಳ ಮುಖ ಸಮನಾಗಿ ಸವೆದಿರುತ್ತದೆ, ಬೇರಿಂಗ್ ಸಡಿಲ ಆಗಿರುತ್ತದೆ. ಎರಡನೆಯದರಲ್ಲಿ ಹಲ್ಲಿನ ಮೂಲೆ ಚಕ್ಕೆ ಎದ್ದಿರುತ್ತದೆ, ಕ್ಲಚ್ ಪ್ಲೇಟಿನ ಸ್ಪ್ರಿಂಗ್ ಮುರಿದಿರುತ್ತದೆ, ಕ್ರಾಸ್‌ನಲ್ಲಿ (ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೂಡುಕೀಲು) ಸೂಜಿ ಬೇರಿಂಗ್ ಒತ್ತಿದ ಗೆರೆ ಕೂತಿರುತ್ತದೆ.

ಟೈರ್ ಸುಮ್ನೆ ಸುತ್ತುತ್ತಾ ಜಾರುವಾಗ ಗೇರ್‌ಬಾಕ್ಸ್‌ಗೆ ಅಂಥ ಕಷ್ಟವೇನೂ ಇಲ್ಲ. ಟೈರ್ ನೆಲಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟೇ ಭಾರ ಹಿಂದಕ್ಕೆ ಬರುತ್ತದೆ. ಏಟು ಬೀಳುವುದು ಎರಡು ಗಳಿಗೆಯಲ್ಲಿ. ನೀವು ಕ್ಲಚ್ ಫಟ್ ಅಂತ ಬಿಟ್ಟಾಗ ಒಂದು. ಸುತ್ತುತ್ತಿದ್ದ ಟೈರ್ ತಟ್ಟನೆ ನೆಲ ಕಚ್ಚಿದಾಗ ಇನ್ನೊಂದು. ಕಲಿಯುವವರಿಗೆ ಜಾರುವುದು ಮತ್ತೆ ಮತ್ತೆ ನಿಲ್ಲುತ್ತದೆ, ಅದಕ್ಕೇ ಈ ಎರಡೂ ಜಾಸ್ತಿ.

ಈಗ ಲೆಕ್ಕ. ನಿಮ್ಮ ಖಾಲಿ ಗಾಡಿಯಲ್ಲಿ ಹಿಂದಿನ ಹೌಸಿಂಗ್ (ಆಕ್ಸಲಿನ ಕವಚ) ಮೇಲೆ ಸುಮಾರು 800 ಕೆ.ಜಿ. ಇದೆ ಅಂದುಕೊಳ್ಳಿ. ಒಣ ಕಾಂಕ್ರೀಟ್‌ನಲ್ಲಿ ಟೈರಿನ ಹಿಡಿತ 0.9, ಚಕ್ರದ ತ್ರಿಜ್ಯ 0.36 ಮೀಟರ್. ಚಕ್ರ ಜಾರುವ ಮುಂಚೆ ಆಕ್ಸಲ್ ತಡೆಯುವುದು ಹತ್ತಿರ ಹತ್ತಿರ 2,540 ನ್ಯೂಟನ್ ಮೀಟರ್. ಡಿಫರೆನ್ಷಿಯಲ್‌ನ ಕ್ರೌನ್ ಗೇರಿನ ಅನುಪಾತ 4.1 ಇದ್ದರೆ ಪ್ರೊಪೆಲ್ಲರ್ ಶಾಫ್ಟ್‌ಗೆ 620. ಎರಡನೇ ಗೇರ್ 2.3 ಇದ್ದರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ಗೆ 270. ಈ ಥರದ ಡೀಸೆಲ್ ಎಂಜಿನ್ 300ರ ಆಸುಪಾಸು ಕೊಡುತ್ತದೆ. ಅಂದರೆ ಖಾಲಿ ಗಾಡಿಯಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ತನ್ನ ಬಲದಿಂದಲೇ ಚಕ್ರ ಸುತ್ತಿಸಬಹುದು. ಕ್ಲಚ್ ಒದೆಯುವ ಅಗತ್ಯ ಕಡಿಮೆ.

ಅದೇ ಗಾಡಿಗೆ ಹಿಂದೆ 600 ಕೆ.ಜಿ. ಮೂಟೆ ಹಾಕಿ. ಹಿಂದಿನ ಭಾರ 1,400 ಆಯಿತು. ಅದೇ ಲೆಕ್ಕ ಹಿಡಿದರೆ ಇನ್‌ಪುಟ್ ಶಾಫ್ಟ್‌ಗೆ 470 ಬೇಕು. ಎಂಜಿನ್ ಹತ್ತಿರ 300 ಮಾತ್ರ ಇದೆ. ಉಳಿದದ್ದು ಎಲ್ಲಿಂದ ಬರಬೇಕು? ಎಂಜಿನ್ ಜೊತೆ ತಿರುಗುತ್ತಿರುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನಿಂದ. ಆಗ ನೀವು ಇನ್ನೂ ಮೇಲಿನ ಆರ್‌ಪಿಎಂಗೆ ಏರಿಸಿ ಕ್ಲಚ್ ಒದೆಯುತ್ತೀರಿ. ಆ ಏಟು ಪೂರ್ತಿ ಗೇರಿನ ಹಲ್ಲುಗಳ ಮೂಲಕ ಹಾದು ಹೋಗಬೇಕು. ಮೇಲಿನದು ಚಕ್ರ ಸಮನಾಗಿ ಎಳೆಯುವಾಗಿನ ಲೆಕ್ಕ. ಜರ್ಕ್ ಹೊಡೆದಾಗ ಇದಕ್ಕಿಂತ ಮೇಲೆ ಹೋಗುತ್ತದೆ. ಪಿಕಪ್‌ನ ಚಕ್ರ, ಟೈರ್ ಭಾರ ಇರುತ್ತವೆ. ನಿಂತದ್ದನ್ನು ತಟ್ಟನೆ ಸುತ್ತಿಸಲಿಕ್ಕೂ ಶಕ್ತಿ ಬೇಕು, ಸುತ್ತುವುದು ತಟ್ಟನೆ ನಿಂತರೂ ಅದೇ ಶಕ್ತಿ ವಾಪಸ್ ಬರುತ್ತದೆ.

ಗಟ್ಟಿ ಕ್ಲಚ್ ಬಗ್ಗೆ ಕೇಳಿದ್ದೀರಿ. ಈಗಿರುವ ಕ್ಲಚ್ ನಿಮ್ಮ ಫ್ಯೂಸ್. ಭಾರ ಮಿತಿ ಮೀರಿದಾಗ ಅದು ಒಂದು ಕ್ಷಣ ಜಾರಿ ಏಟನ್ನು ತಾನೇ ನುಂಗುತ್ತದೆ. ನಿಮಗೆ ಬರುವ ವಾಸನೆ ಅದೇ. ಅದರ ಜಾಗಕ್ಕೆ ಜಾರದ ಕ್ಲಚ್ ಹಾಕಿದರೆ ವಾಸನೆ ನಿಲ್ಲುತ್ತದೆ, ಏಟು ಗೇರಿಗೆ ಹೋಗುತ್ತದೆ. ಕ್ಲಚ್ ಪ್ಲೇಟ್ ಬದಲಾಯಿಸುವುದು ಒಂದು ದಿನದ ಕೆಲಸ. ಗೇರ್ ಸೆಟ್ ಬದಲಾಯಿಸುವುದು ಹಾಗಲ್ಲ.

ಇನ್ನು ಎರಡನೇ ಗೇರಿನ ಕರ್ರ್. ಅದು ಹಿತ್ತಾಳೆಯ ಸಿಂಕ್ರೊ ರಿಂಗಿನ ಕೂಗು. ನೀವು ಮೂರನೇ ಗೇರಿನಲ್ಲಿ 2,500 ಆರ್‌ಪಿಎಂನಲ್ಲಿ ಬರುತ್ತಿದ್ದೀರಿ ಅನ್ನಿ. ಮೂರನೇ ಗೇರ್ 1.4 ಇದ್ದರೆ, ಅದೇ ವೇಗಕ್ಕೆ ಎರಡನೆಯದರಲ್ಲಿ ಇನ್‌ಪುಟ್ ಶಾಫ್ಟ್ 4,100 ತಿರುಗಬೇಕು. ನೀವು ಕ್ಲಚ್ ಒತ್ತಿ ಲಿವರ್ ಎಳೆದಾಗ ಆ 1,600 ಆರ್‌ಪಿಎಂ ಏರಿಸುವವರು ಯಾರು? ಬೆರಳಷ್ಟೂ ಅಗಲ ಇಲ್ಲದ ಆ ಹಿತ್ತಾಳೆ ರಿಂಗ್. ಇನ್‌ಪುಟ್ ಶಾಫ್ಟ್, ಅದರ ತುದಿಯ ಕ್ಲಚ್ ಪ್ಲೇಟ್, ಕೆಳಗಿನ ಶಾಫ್ಟ್ ಮೇಲಿನ ಗೇರುಗಳು, ಇಷ್ಟನ್ನೂ ಅದು ಉಜ್ಜಿ ಉಜ್ಜಿ ವೇಗಕ್ಕೆ ತರಬೇಕು. ಭಾರದ ಗಾಡಿಗೆ ಕ್ಲಚ್ ಪ್ಲೇಟೂ ದೊಡ್ಡದು, ಗೇರುಗಳೂ ದಪ್ಪ. ನೀವು ಅವಸರದಲ್ಲಿ ಲಿವರನ್ನು ಒತ್ತಿ ಎಳೆದಷ್ಟೂ ರಿಂಗ್ ಸವೆಯುತ್ತದೆ.

ಆ ರಿಂಗಿನ ಒಳಮೈಯಲ್ಲಿ ಸ್ಕ್ರೂವಿನ ಸುತ್ತುಗೆರೆಗಳ ಹಾಗೆ ಸಣ್ಣ ಸಣ್ಣ ಏಣುಗಳಿರುತ್ತವೆ. ಗೇರಿನ ಕೋನ್ (ರಿಂಗ್ ಬಂದು ಕೂರುವ ಇಳಿಜಾರು ಭಾಗ) ಮೇಲಿನ ಆಯಿಲ್ ಪದರವನ್ನು ಕತ್ತರಿಸುವುದು ಅವುಗಳ ಕೆಲಸ. ಹೊಸ ರಿಂಗಿನ ಒಳಗೆ ಉಗುರು ಎಳೆದರೆ ಟರ್ರ್ ಅಂತ ಸಿಗುತ್ತದೆ. ಸವೆದ ರಿಂಗಿನಲ್ಲಿ ಉಗುರು ಜಾರಿ ಹೋಗುತ್ತದೆ, ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತದೆ. ಬೆಳಿಗ್ಗೆ ಜಾಸ್ತಿ ಕೂಗುವುದೂ ಅದಕ್ಕೇ. ತಣ್ಣಗಿನ ಆಯಿಲ್ ದಪ್ಪ. ಏಣು ಇಲ್ಲದ ರಿಂಗ್ ಅದನ್ನು ಕತ್ತರಿಸಲಾರದು.

ಆದರೆ ರಿಂಗೇ ಹೋಗಿದೆ ಅಂತ ಹೇಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಗಾಡಿ ನಿಂತಿರಲಿ, ಐಡ್ಲಿಂಗ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ, ನಾಲ್ಕು ಎಣಿಸಿ, ರಿವರ್ಸ್‌ಗೆ ಹಾಕಿ. ತುಂಬ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ. ನಾಲ್ಕು ಎಣಿಸಿದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕಾದು ಸೊಟ್ಟಗಾದ ಪ್ಲೇಟ್ ಹೀಗೆ ಮಾಡುತ್ತದೆ. ಹಾಗಿದ್ದರೆ ಹೊಸ ರಿಂಗ್ ಹಾಕಿದರೂ ಅದು ಬೇಗ ಹೋಗುತ್ತದೆ.

ನ್ಯೂಟ್ರಲ್ ಸದ್ದು ಗುಂಯ್ ಅಂತ ಒಂದೇ ಸಮ ಇದ್ದರೆ ಇನ್‌ಪುಟ್ ಶಾಫ್ಟ್ ಬೇರಿಂಗ್ ಅನ್ನುತ್ತಿದ್ದೆ. ನೀವು ಗಲಗಲ ಅಂತ ಬರೆದಿದ್ದೀರಿ. ನನಗೆ ಕ್ಲಚ್ ಪ್ಲೇಟಿನ ಸ್ಪ್ರಿಂಗ್ ಮೇಲೆ ಅನುಮಾನ. ಟಕ್ ಅನ್ನುವುದು ಕ್ರಾಸ್ ಇರಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಎಂಜಿನ್ ಆಫ್ ಮಾಡಿ, ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಎರಡೂ ಕಡೆ ತಿರುಚಿ ನೋಡಿ.

ಅಡ್ಡಹಾದಿ:

ನಾನು 1,250 ಕೆ.ಜಿ. ತೂಗುವ ಪೆಟ್ರೋಲ್ ಕಾರಿನಲ್ಲಿ ನಾಲ್ಕು ವರ್ಷದಿಂದ ಡ್ರಿಫ್ಟ್ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದಕ್ಕೆ ಓಡಿಸುವವನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಕ್ಲಚ್ ಕಿಕ್ ಇರುವುದು ಹಗುರ ಕಾರಿಗೆ, ಮೇಲಿನ ಆರ್‌ಪಿಎಂನಲ್ಲಿ ಬಲ ಬರುವ ಎಂಜಿನ್‌ಗೆ. ನಿಮ್ಮ ಡೀಸೆಲ್‌ಗೆ ಕೆಳಗಿನಿಂದಲೇ ಎಳೆತ ಇದೆ. ಖಾಲಿ ಪಿಕಪ್‌ನಲ್ಲಿ ಭಾರ ಮುಂದೆ ಇದೆ. ತಿರುವಿಗೆ ಬರುವಾಗ ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ತಿರುಗಿಸಿ. ಮೂಗು ಕೆಳಗಾಗಿ ಹಿಂಭಾಗ ಇನ್ನೂ ಹಗುರ ಆಗುತ್ತದೆ. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಕ್ಲಚ್ ಮುಟ್ಟದೆ ಜಾರುತ್ತದೆ. ಅಂಗಳಕ್ಕೆ ನೀರು ಬಿಡಿ. ಒದ್ದೆ ಕಾಂಕ್ರೀಟ್‌ನಲ್ಲಿ ಹಿಡಿತ ಕಡಿಮೆ, ಗೇರಿಗೆ ಬರುವ ಭಾರವೂ ಅಷ್ಟೇ ಕಡಿಮೆ. ಜಾರುವುದೂ ನಿಧಾನ, ಕಲಿಯಲು ಸಮಯ ಸಿಗುತ್ತದೆ.

ಎರಡಕ್ಕೆ ಇಳಿಸುವ ಕೆಲಸ ತಿರುವಿಗೆ ಮುಂಚೆ, ನೇರ ಇರುವಾಗಲೇ ಮುಗಿಸಿಬಿಡಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಬನ್ನಿ, ಕ್ಲಚ್ ಬಿಡಿ, ಆಕ್ಸಿಲರೇಟರ್‌ಗೆ ಒಂದು ತಟ್ಟು ಕೊಡಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಹಳೇ ಲಾರಿ ಓಡಿಸುವವರು ಮಾಡುತ್ತಿದ್ದ ಡಬಲ್ ಕ್ಲಚ್. ಆಗ ರಿಂಗ್ ಮಾಡಬೇಕಾದ ಕೆಲಸವನ್ನು ಎಂಜಿನ್ ಮಾಡುತ್ತದೆ. ಕ್ಲಚ್ ಬಿಡದೆ ಸುಮ್ನೆ ರೇಸ್ ಮಾಡಿದರೆ ಎಂಜಿನ್ ಮಾತ್ರ ಏರುತ್ತದೆ, ಇನ್‌ಪುಟ್ ಶಾಫ್ಟ್ ಅಲ್ಲೇ ಇರುತ್ತದೆ. ಇದನ್ನು ತುಂಬ ಜನ ತಪ್ಪು ತಿಳಿದುಕೊಂಡಿದ್ದಾರೆ.

ಇನ್ನೊಂದು. ಹಿಂದೆ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಇದೆ ಅಲ್ವಾ? ಬಲ ಹಾಕಿದಾಗ ಪಟ್ಟಿ ಇಂಗ್ಲಿಷ್ ಎಸ್ ಆಕಾರಕ್ಕೆ ಬಳುಕಿ, ಹೌಸಿಂಗ್ ತಿರುಚಿಕೊಂಡು, ಮತ್ತೆ ಚಿಮ್ಮುತ್ತದೆ. ಚಕ್ರ ದಡದಡ ಕುಣಿಯುತ್ತದೆ. ಆ ಒಂದೊಂದು ಕುಣಿತವೂ ಗೇರ್‌ಬಾಕ್ಸ್‌ಗೆ ಸುತ್ತಿಗೆ ಏಟು. ಸೀಟಿನಲ್ಲಿ ಆ ನಡುಕ ಬಂದ ತಕ್ಷಣ ಆಕ್ಸಿಲರೇಟರ್ ಬಿಟ್ಟುಬಿಡಿ.

ಪಿಕಪ್ ಎತ್ತರದ ಗಾಡಿ. ಪಕ್ಕಕ್ಕೆ ಜಾರುವಾಗ ಚಕ್ರಕ್ಕೆ ಕಲ್ಲೋ ಕಾಂಕ್ರೀಟಿನ ಅಂಚೋ ಸಿಕ್ಕರೆ ಮಗುಚುತ್ತದೆ. ಅಂಗಳವನ್ನು ಪ್ರತಿ ಸಲ ನಡೆದು ನೋಡಿ. ಬೆಲ್ಟ್ ಹಾಕಿ, ಹಿಂದೆ ಯಾರನ್ನೂ ಕೂರಿಸಬೇಡಿ.

ಎರಡನೇಗೇರು:

ತುಂಬ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡಿ ನೋಡಿದೆ.

ರಿವರ್ಸ್ ಸದ್ದಿಲ್ಲದೆ ಬಿತ್ತು, ಐದು ಸಲ ಮಾಡಿದೆ. ಶಾಫ್ಟ್ ಕೈಯಲ್ಲಿ ಹಿಡಿದು ತಿರುಚಿದರೆ ಹಿಂದಿನ ಕ್ರಾಸ್ ಹತ್ತಿರ ಕಣ್ಣಿಗೆ ಕಾಣುವಷ್ಟು ಆಟ ಇದೆ, ಟಕ್ ಅಂತ ಅದೇ ಸದ್ದು.

ಆಯಿಲ್ ಇಳಿಸಿದೆ. ಗಾಡಿ ಸ್ವಲ್ಪ ಓಡಿಸಿ ಬೆಚ್ಚಗಾದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿದೆ. ಕಪ್ಪಗಿತ್ತು. ಬಿಳಿ ಟಬ್‌ಗೆ ಸ್ವಲ್ಪ ಬಗ್ಗಿಸಿ ಬಿಸಿಲಿಗೆ ಹಿಡಿದರೆ ಒಳಗೆಲ್ಲ ಚಿನ್ನದ ಪುಡಿ ಕಲಸಿದ ಹಾಗೆ ಮಿನುಗುತ್ತಿತ್ತು. ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್, ಅದರೊಳಗೆ ಅಕ್ಕಿ ನುಚ್ಚಿನಷ್ಟು ದೊಡ್ಡ ಒಂದು ಉಕ್ಕಿನ ಚೂರು. ಆಯಿಲ್ ಕೊನೆಗೆ ಬದಲಾಯಿಸಿದ್ದು 60,000 ಕಿ.ಮೀ. ಆದಾಗ. ಜಿಎಲ್-4, 75ಡಬ್ಲ್ಯೂ-90 ಅಂತ ಬಿಲ್ಲಿನಲ್ಲಿದೆ, ಮ್ಯಾನ್ಯುಯಲ್‌ನಲ್ಲಿರುವುದೂ ಅದೇ.

ಆ ಚೂರು ನೋಡಿ ಭಯ ಆಗಿದೆ. ಹೊಸ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಬಹುದಾ?

ಗ್ರೀಸ್‌ಕೈ:

ಬೂದು ಪೇಸ್ಟ್ ಎಲ್ಲ ಗೇರ್‌ಬಾಕ್ಸ್‌ನಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ. ಚಿನ್ನದ ಪುಡಿ ರಿಂಗಿನದು. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಅದಕ್ಕೇ ಆಯಿಲ್‌ನಲ್ಲೇ ತೇಲುತ್ತಿತ್ತು. ಉಕ್ಕಿನ ಚೂರು ಮಾತ್ರ ನನಗೆ ಇಷ್ಟ ಆಗಲಿಲ್ಲ. ಅದು ಎರಡನೇ ಗೇರಿನ ಸಣ್ಣ ಹಲ್ಲಿನ (ಗೇರ್ ಹಾಕಿದಾಗ ಸ್ಲೀವ್ ಬಂದು ಕಚ್ಚುವ ಹಲ್ಲು) ತುದಿ ಆಗಿರಬಹುದು, ಬಲ ಸಾಗಿಸುವ ದೊಡ್ಡ ಹಲ್ಲಿನ ಚಕ್ಕೆಯೂ ಆಗಿರಬಹುದು. ಎರಡನೆಯದಾದರೆ ಅದು ಬೇರಿಂಗ್ ಒಳಗೆ ಹೋಗಿ ಕೂತರೆ ಇಡೀ ಪೆಟ್ಟಿಗೆ ಹಾಳು. ಓಡಿಸಬೇಡಿ, ಬಿಚ್ಚಿಸಿ. ಹೇಗಿದ್ದರೂ ಕ್ಲಚ್ ನೋಡಲು ಪೆಟ್ಟಿಗೆ ಇಳಿಸಲೇಬೇಕು.

ಬಿಚ್ಚುವಾಗ ನೀವೂ ಹತ್ತಿರ ಇರಿ. ಎರಡನೇ ಗೇರಿನ ರಿಂಗನ್ನು ಅದರ ಕೋನ್ ಮೇಲೆ ಕೈಯಲ್ಲಿ ಒತ್ತಿ, ರಿಂಗಿಗೂ ಗೇರಿಗೂ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿಸಿ ನೋಡಿ. ಎಷ್ಟಿರಬೇಕು ಅಂತ ಆ ಗೇರ್‌ಬಾಕ್ಸ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಪಕ್ಕದ ಮೂರನೇ ರಿಂಗನ್ನೂ ಹಾಗೇ ನೋಡಿ. ಗೇರ್ ಬದಲಿಸಲು ಸ್ಲೀವನ್ನು ತಳ್ಳುವ ಶಿಫ್ಟ್ ಫೋರ್ಕ್‌ನ ತುದಿ ಸವೆದಿದೆಯಾ, ಸ್ಲೀವ್‌ನ ಒಳಹಲ್ಲು ದುಂಡಗಾಗಿದೆಯಾ ನೋಡಿ. ಸ್ಲೀವ್ ಹಲ್ಲು ದುಂಡಗಾಗಿದ್ದರೆ ಬರೀ ರಿಂಗ್ ಹಾಕಿಸಿ ಮುಚ್ಚಬೇಡಿ. ಆಮೇಲೆ ಗೇರ್ ಜಾರಿ ತಾನಾಗೇ ನ್ಯೂಟ್ರಲ್‌ಗೆ ಬರಲು ಶುರುವಾಗುತ್ತದೆ.

ಡಿಫರೆನ್ಷಿಯಲ್ ಆಯಿಲನ್ನೂ ಇಳಿಸಿ. ಲಾಕ್ ಇಲ್ಲದ ಡಿಫರೆನ್ಷಿಯಲ್‌ನಲ್ಲಿ ಒಂದೇ ಚಕ್ರ ಸುತ್ತುವಾಗ ಒಳಗಿನ ಸಣ್ಣ ಗೇರುಗಳು ಪಿನ್ ಮೇಲೆ ತುಂಬ ಜೋರಾಗಿ ತಿರುಗುತ್ತವೆ. ಎರಡು ಗಂಟೆ ಹೀಗೆ ಸುತ್ತಿಸಿದರೆ ಪಿನ್ ಉಜ್ಜಿ ಗೀರು ಬೀಳುತ್ತದೆ. ಇದನ್ನು ಯಾರೂ ನೋಡುವುದಿಲ್ಲ.

ಜೋಡಿಚಕ್ರ:

ಗ್ರೀಸ್‌ಕೈ ಅವರೇ, ಮೂಟೆ ಲೆಕ್ಕ ಒಪ್ಪಿದೆ. ನಾನು ಹೇಳಿದ್ದು ಕೆಸರಿನಲ್ಲಿ ಓಡಿಸಿದ ಅನುಭವದಿಂದ. ಅಲ್ಲಿ ಹಿಂದೆ ಭಾರ ಇದ್ದರೇ ಗಾಡಿ ಮುಂದೆ ಹೋಗುವುದು. ಒಣ ಕಾಂಕ್ರೀಟ್‌ಗೆ ಅದು ಹೊಂದುವುದಿಲ್ಲ ಅಂತ ಈಗ ಗೊತ್ತಾಯಿತು.

ಎರಡನೇಗೇರು:

ಹನ್ನೆರಡು ದಿನ ಆಯಿತು, ಪೆಟ್ಟಿಗೆ ಬಿಚ್ಚಿ ಮತ್ತೆ ಕೂರಿಸಿದ್ದಾರೆ. ನಾನು ಪಕ್ಕದಲ್ಲೇ ಇದ್ದೆ.

ಎರಡನೇ ಗೇರಿನ ರಿಂಗನ್ನು ಕೋನ್ ಮೇಲೆ ಒತ್ತಿದರೆ ಅದು ಗೇರಿಗೇ ಹೋಗಿ ತಾಗುತ್ತಿತ್ತು. ಅತಿ ತೆಳು ಗೇಜೂ ಒಳಗೆ ಹೋಗಲಿಲ್ಲ. ಒಳಗೆ ಉಗುರು ಎಳೆದೆ, ನೀವು ಹೇಳಿದ ಹಾಗೇ ಜಾರಿ ಹೋಯಿತು. ಮೂರನೇ ರಿಂಗ್‌ನಲ್ಲಿ ಏಣು ಇನ್ನೂ ಉಗುರಿಗೆ ಸಿಗುತ್ತದೆ. ಆದರೂ ಎರಡನ್ನೂ ಬದಲಾಯಿಸಿದೆ.

ಉಕ್ಕಿನ ಚೂರು ಎರಡನೇ ಗೇರಿನ ಪಕ್ಕದ ಸಣ್ಣ ಹಲ್ಲಿನದು. ಮೂರು ಹಲ್ಲುಗಳ ತುದಿ ಮೊಂಡಾಗಿತ್ತು, ಒಂದರಲ್ಲಿ ಚಕ್ಕೆ ಎದ್ದಿತ್ತು. ದೊಡ್ಡ ಹಲ್ಲುಗಳೆಲ್ಲ ಚೆನ್ನಾಗಿವೆ, ಒಂದೊಂದನ್ನೂ ಒರೆಸಿ ನೋಡಿದೆವು. ಎರಡನೇ ಗೇರು ಮತ್ತು ಸ್ಲೀವ್ ಹೊಸದು ಬಂತು. ಕ್ಲಚ್ ಪ್ಲೇಟ್ ಕೈಗೆ ತೆಗೆದುಕೊಂಡು ಅಲ್ಲಾಡಿಸಿದರೆ ಗಲಗಲ ಅಂದಿತು. ಒಂದು ಸ್ಪ್ರಿಂಗ್ ಎರಡು ತುಂಡಾಗಿ ಅದರ ಮನೆಯೊಳಗೇ ಕೂತಿತ್ತು. ಗ್ರೀಸ್‌ಕೈ ಅವರು ಬರೀ ಸದ್ದಿನ ಹೆಸರು ಕೇಳಿ ಹೇಳಿದ್ದು ಅದೇ. ಕಂಪನಿ ಅಳತೆಯ ಕ್ಲಚ್ಚನ್ನೇ ಹಾಕಿಸಿದೆ, ಗಟ್ಟಿಯದು ಬೇಡ ಅಂದೆ. ಕ್ರಾಸ್ ಎರಡೂ ಹೊಸದು. ಹಳೆಯದರ ಮೇಲೆ ಸೂಜಿಗಳ ಗೆರೆ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಒತ್ತಿಕೊಂಡಿತ್ತು. ಡಿಫರೆನ್ಷಿಯಲ್ ಪಿನ್‌ನಲ್ಲಿ ಗೀರು ಇದೆ, ಆಳ ಇಲ್ಲ. ಅದನ್ನು ಹಾಗೇ ಬಿಟ್ಟು ಆಯಿಲ್ ಬದಲಾಯಿಸಿದ್ದೇವೆ.

ಡ್ರಿಫ್ಟ್‌ಗೆ ಇನ್ನೂ ಹೋಗಿಲ್ಲ. ಮೊದಲು 1,000 ಕಿ.ಮೀ. ಸಾಧಾರಣವಾಗಿ ಓಡಿಸಿ, ಆಯಿಲ್ ಇಳಿಸಿ ಮ್ಯಾಗ್ನೆಟ್ ನೋಡುತ್ತೇನೆ. ಅಲ್ಲಿಯವರೆಗೆ ದಿನವೂ ದಾರಿಯಲ್ಲಿ ಡಬಲ್ ಕ್ಲಚ್ ಅಭ್ಯಾಸ ಮಾಡುತ್ತಿದ್ದೇನೆ. ಹತ್ತರಲ್ಲಿ ಏಳು ಸಲ ಸರಿಯಾಗಿ ಬೀಳುತ್ತಿದೆ. ಸರಿಯಾಗಿ ಬಿದ್ದಾಗ ಲಿವರ್‌ಗೆ ಎರಡು ಬೆರಳು ಸಾಕು, ತಾನೇ ಒಳಗೆ ಹೋಗುತ್ತದೆ. ಅಡ್ಡಹಾದಿ ಅವರೇ, ಆಕ್ಸಿಲರೇಟರ್‌ಗೆ ತಟ್ಟು ಕೊಡುವುದು ಎಷ್ಟು ಅಂತ ನಿಮಗೆ ಕಿವಿಯಿಂದ ಗೊತ್ತಾಗುತ್ತದಾ, ಮೀಟರ್ ನೋಡುತ್ತೀರಾ?

ಅಡ್ಡಹಾದಿ:

ಕಿವಿಯಿಂದ. ಮೊದಲ ಒಂದು ತಿಂಗಳು ಮೀಟರ್ ನೋಡಿದ್ದೆ. ಎರಡನೇ ಗೇರಿನಲ್ಲಿ ಆ ವೇಗದಲ್ಲಿ ಎಂಜಿನ್ ಹೇಗೆ ಕೂಗುತ್ತದೆ ಅಂತ ನೇರ ದಾರಿಯಲ್ಲಿ ಒಮ್ಮೆ ಕೇಳಿಸಿಕೊಳ್ಳಿ. ಇಳಿಸುವಾಗ ಅದೇ ಸ್ವರ ಬರುವಷ್ಟು ತಟ್ಟು ಕೊಡಿ. ಡೀಸೆಲ್ ನಿಧಾನವಾಗಿ ಏರುತ್ತದೆ, ತಟ್ಟಿ ಅರೆಕ್ಷಣ ಕಾದು ಹಾಕಿ.